ಹಸಿರು ಜೋಡಿಗೆ ನೀಲಿ ಮರಿ ಹುಟ್ಟಿದಾಗ

“ಎರಡೂ ಹಸರ ಅದಾವಲ್ಲೋ ತಮ್ಮಾ, ಈ ನೀಲಿ ಮರಿ ಎಲ್ಲಿಂದ ಬಂತು?”

ಡಿಸೆಂಬರ್‌ನ ಒಂದು ಸಂಜೆ. ಇಳಕಲ್‌ನ ನಮ್ಮ ಮನೆಯ ಪಡಸಾಲೆ. ಪಂಜರದೊಳಗೆ ಕಟ್ಟಿದ್ದ ಮಣ್ಣಿನ ಗಡಿಗೆಗೆ ಮೊಬೈಲ್ ಟಾರ್ಚ್ ಹಿಡಿದು ಮರಿಗಳನ್ನು ತೋರಿಸುತ್ತಿದ್ದೆ. ನಾಲ್ಕರಲ್ಲಿ ಮೂರಕ್ಕೆ ಹಸಿರು ಪುಕ್ಕ ಮೂಡುತ್ತಿತ್ತು. ಒಂದು ಮಾತ್ರ ತಿಳಿ ಆಕಾಶದ ಬಣ್ಣ.

ಪಕ್ಕದ ಮನೆಯ ಕಾಕು ನಕ್ಕರು. “ಹೆಣ್ಣ ಹಕ್ಕಿ ಎಲ್ಲ್ಯರ ಹೊರಗ ಹೋಗಿತ್ತೇನ ನೋಡು!”

ಎಲ್ಲರೂ ನಕ್ಕೆವು. ವೈನಿ ಮಾತ್ರ ನಗಲಿಲ್ಲ. “ಪಂಜರದಾಗ ಇದ್ದದ್ದು ಎಲ್ಲಿಗೆ ಹೋಗ್ತೈತ್ರಿ ಕಾಕು? ಏನಾದ್ರೂ ತಾಯೀ ಮ್ಯಾಲೇ ಬರ್ತೈತಿ” ಅಂದು ಒಳಗೆ ಹೋದರು. ಅವರಿಗೆ ಆಗ ಐದು ತಿಂಗಳು. ಮೊದಲನೆಯದು ಹೆಣ್ಣು, ನಾಲ್ಕು ವರ್ಷದ ಪುಟ್ಟಿ. “ಈ ಸಲ ಗಂಡs ಆಗ್ತೈತಿ ಬಿಡು” ಅನ್ನುವ ಮಾತು ಮನೆಗೆ ಬಂದವರೆಲ್ಲರ ಬಾಯಲ್ಲೂ ಇತ್ತು.

ಲವ್ ಬರ್ಡ್ಸ್ ಅಲ್ಲ, ಬಜ್ಜಿ

ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಊರಿನಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಇಂಜಿನಿಯರ್. ಮೀಟಿಂಗ್‌ಗಳ ನಡುವೆ ಮನಸ್ಸಿಗೆ ಬೇರೆ ಏನಾದರೂ ಬೇಕು ಅನ್ನಿಸಿ ಹಕ್ಕಿ ಸಾಕಲು ಶುರು ಮಾಡಿದೆ. ನಮ್ಮ ಕಡೆ ಎಲ್ಲರೂ ‘ಲವ್ ಬರ್ಡ್ಸ್’ ಅನ್ನುವ ಈ ಪುಟ್ಟ ಗಿಳಿಗಳು ನಿಜಕ್ಕೂ ಬಜರಿಗಾರ್‌ಗಳು, ಚಿಕ್ಕದಾಗಿ ಬಜ್ಜಿ. (ಮಿರ್ಚಿ ಬಜ್ಜಿ ನೆನಪಾದರೆ ತಪ್ಪು ನಿಮ್ಮದಲ್ಲ.) ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬಜ್ಜಿ ಆಸ್ಟ್ರೇಲಿಯಾದ್ದು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದ. ಅಲ್ಲಿಂದ ಇವು ಜಗತ್ತಿನ ಮನೆಮನೆಗೂ ಹಬ್ಬಿದವು. ನಮ್ಮ ಹೊಲದ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹೊರದೇಶದ ಈ ಬಜ್ಜಿಗೆ ಆ ನಿರ್ಬಂಧವಿಲ್ಲ.

ನನ್ನ ಹೆಣ್ಣು ಹಕ್ಕಿ ಬಾಗಲಕೋಟೆಯ ನವನಗರದ ಅಂಗಡಿಯಿಂದ ಬಂದದ್ದು. ಗಂಡನ್ನು ಬಾದಾಮಿಯ ಗೆಳೆಯ ಕೊಟ್ಟ. ಎರಡೂ ಹಸಿರು. ಆದರೆ ಗಂಡಿನ ತಾಯಿ ನೀಲಿ ಅಂತ ಗೆಳೆಯ ಹೇಳಿದ್ದ. ಇಡೀ ಲೆಕ್ಕ ನಿಂತಿದ್ದು ಆ ಒಂದು ಮಾತಿನ ಮೇಲೆ.

ಹಸಿರಿನ ಕೆಳಗೆ ನೀಲಿ

ಆಯಿಗೆ ನಾನು ಜೀನ್, ಕ್ರೋಮೋಸೋಮ್ ಅಂತ ಶುರು ಮಾಡಿದೆ. ಅವಳಿಗೆ ಬೇಜಾರಾಯಿತು. ಆಮೇಲೆ ನೂಲಿನ ಮಾತು ತೆಗೆದೆ. ಅಜ್ಜ ಮಗ್ಗದಲ್ಲಿ ಸೀರೆ ನೇಯುತ್ತಿದ್ದವರು. ಬಣ್ಣದ ವಿಷಯದಲ್ಲಿ ಆಯಿಗೆ ನಾನು ಹೇಳಿಕೊಡುವುದು ಏನೂ ಇಲ್ಲ.

“ಆಯಿ, ನೂಲಿಗೆ ಗಿಳಿಹಸಿರು ಹೆಂಗ ಬರ್ತೈತಿ?”

“ನೀಲಿ ಮ್ಯಾಲ ಹಳದಿ ಹಾಕಬೇಕು.”

“ಹಳದಿ ಹಾಕಲಿಲ್ಲಂದ್ರ?”

“ನೀಲೀನs ಉಳೀತೈತಿ... ಓಹೋ!”

ಬಜ್ಜಿಯ ಕಥೆಯೂ ಅಷ್ಟೇ. ಅದರ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ. ಅದರ ಮೇಲೆ ಹಳದಿ ಬಣ್ಣ ಸೇರಿದರೆ ಹಸಿರು. ಹಳದಿ ತಯಾರಾಗದಿದ್ದರೆ ನೀಲಿ ಹಕ್ಕಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳಿದ್ದ ತಂಡವೊಂದು ಇದರ ಮೂಲ ಪತ್ತೆ ಮಾಡಿತು: ಹಳದಿ ತಯಾರಿಸುವ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಒಂದಕ್ಷರದ ಬಗ್!

ಪ್ರತಿ ಮರಿಗೂ ಈ ಜೀನಿನ ಎರಡು ಪ್ರತಿ ಬರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಸರಿಯಿದ್ದರೂ ಸಾಕು, ಹಕ್ಕಿ ಹಸಿರಾಗುತ್ತದೆ. ಒಂದು ಪ್ರತಿ ಹಸಿರು, ಇನ್ನೊಂದು ನೀಲಿ ಇರುವ ಹಕ್ಕಿಯನ್ನು ಸಾಕುವವರು ‘ಸ್ಪ್ಲಿಟ್’ ಅನ್ನುತ್ತಾರೆ. ನೋಡಿದರೆ ಗೊತ್ತೇ ಆಗುವುದಿಲ್ಲ. ನೀಲಿ ತಾಯಿಗೆ ಹುಟ್ಟಿದ ಹಸಿರು ಮರಿ ಖಂಡಿತ ಸ್ಪ್ಲಿಟ್. ಹಾಗಾಗಿ ನನ್ನ ಗಂಡು ಹಕ್ಕಿಯ ಬಗ್ಗೆ ಅನುಮಾನ ಇರಲಿಲ್ಲ. ಹೆಣ್ಣಿನ ಗುಟ್ಟು ಬಯಲಾದದ್ದು ಈ ಮರಿಯಿಂದಲೇ. ಎರಡೂ ಕಡೆಯಿಂದ ನೀಲಿ ಪ್ರತಿ ಬರದೆ ನೀಲಿ ಮರಿ ಆಗುವುದಿಲ್ಲ.

ಸ್ಪ್ಲಿಟ್‌ಗೆ ಸ್ಪ್ಲಿಟ್ ಜೋಡಿಯಾದರೆ ಪ್ರತಿ ಮೊಟ್ಟೆಗೂ ನೀಲಿಯ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮರಿ ನೀಲಿಯಾದರೂ ಅದರಲ್ಲಿ ಅಪ್ಪನ ಪಾಲು ಅರ್ಧ, ಅಮ್ಮನ ಪಾಲು ಅರ್ಧ. ಕಾಕುಗೆ ಇದನ್ನು ವಿವರಿಸಿದ್ದು ನಾನಲ್ಲ, ಆಯಿ.

ಇದರ ಮೇಲೆ ಇನ್ನೊಂದು ಜೀನ್ ಬಣ್ಣವನ್ನು ಗಾಢ ಮಾಡುತ್ತದೆ. ಅದರ ಒಂದು ಪ್ರತಿ ಬಂದರೆ ಆಕಾಶನೀಲಿ ಹೋಗಿ ಕೋಬಾಲ್ಟ್, ಎರಡು ಬಂದರೆ ಬೂದು ಮಿಶ್ರಿತ ಮಾವ್.

ಬಾದಾಮಿಯ ಹಳದಿ ಮರಿಗಳು

ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಮನೆಯವರೆಲ್ಲ ಹೋದೆವು. ವಾಪಸ್ ಬರುವಾಗ ಬಾದಾಮಿಯ ಗೆಳೆಯನ ಮನೆಗೆ ಊಟಕ್ಕೆ ನಿಂತೆವು. ಅವನ ಹತ್ತಿರ ಕೆಂಪು ಕಣ್ಣಿನ ಹಳದಿ ಗಂಡು, ಅಂದರೆ ಲ್ಯುಟಿನೋ, ಹಸಿರು ಹೆಣ್ಣಿನ ಜೊತೆ ಜೋಡಿಯಾಗಿತ್ತು. ಐದು ಮರಿ. “ಹಳದಿ ಇರೋ ಮೂರೂ ಹೆಣ್ಣು, ಹಸಿರು ಎರಡೂ ಗಂಡು” ಅಂದ ಗೆಳೆಯ, ಕಣ್ಣು ಸರಿಯಾಗಿ ಬಿಡದ ಮರಿಗಳನ್ನು ತೋರಿಸಿ.

ವೈನಿಗೆ ಆಶ್ಚರ್ಯ. “ಇಷ್ಟ ಲಗೂನ ಹೆಂಗ ಗೊತ್ತಾತ್ರಿ?”

ಹಕ್ಕಿಗಳಲ್ಲಿ ಗಂಡಿಗೆ ಎರಡು Z ಕ್ರೋಮೋಸೋಮ್, ಹೆಣ್ಣಿಗೆ ಒಂದು Z, ಒಂದು W. ಲ್ಯುಟಿನೋ ಜೀನ್ ಕೂತಿರುವುದು Z ಮೇಲೆ. ಹೆಣ್ಣು ಮರಿಗೆ ತನ್ನ ಒಂದೇ Z ಬರುವುದು ಅಪ್ಪನಿಂದ. ಅಪ್ಪ ಹಳದಿಯಾದರೆ ಹೆಣ್ಣು ಮರಿಗಳೆಲ್ಲ ಹಳದಿ. ಗಂಡು ಮರಿಗೆ ಹಸಿರು ಅಮ್ಮನ Z ಕೂಡ ಸಿಗುವುದರಿಂದ ಅದು ಹಸಿರು.

“ಅಂದ್ರ ಮರಿ ಹೆಣ್ಣೋ ಗಂಡೋ ಅನ್ನೋದು ತಾಯಿ ಕಡಿಂದ ಆಗ್ತೈತಿ?”

“ಹಕ್ಕಿಯೊಳಗ ಹೌದು ವೈನಿ. ತಾಯಿ Z ಕೊಟ್ಟರ ಗಂಡು, W ಕೊಟ್ಟರ ಹೆಣ್ಣು.”

“ಮನಷ್ಯಾರೊಳಗ?”

“ಉಲ್ಟಾ. ತಾಯಿ ಹತ್ರ X ಬಿಟ್ಟು ಬ್ಯಾರೆ ಇಲ್ಲ. X ಇಲ್ಲಾ Y ಕೊಡೋದು ತಂದಿ.”

ವೈನಿ ಒಂದು ಕ್ಷಣ ಸುಮ್ಮನಿದ್ದರು. ಪಕ್ಕದಲ್ಲೇ ಆಯಿ ಊಟಕ್ಕೆ ಕೂತಿದ್ದಳು.

“ಇದನ್ನ ಸ್ವಲ್ಪ ಜೋರಾಗಿ ಹೇಳ್ರಿ” ಅಂದರು.

ಜೋರಾಗಿಯೇ ಹೇಳಿದೆ. ಅಣ್ಣ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಅವನದೂ ತಪ್ಪಲ್ಲ, ಅದು ನಾಣ್ಯ ಚಿಮ್ಮಿದ ಹಾಗೆ ಅಂತಲೂ ಸೇರಿಸಿದೆ. ಮೊದಲನೆಯದು ಹೆಣ್ಣಾಯಿತು ಅಂತ ಎರಡನೆಯ ಸಲ ನಾಣ್ಯಕ್ಕೆ ಅದು ನೆನಪಿರುವುದಿಲ್ಲ.

ಲೆಕ್ಕದಲ್ಲಿ ಇಲ್ಲದ್ದು

ಇಷ್ಟು ಬುದ್ಧಿ ಹೇಳಿದ ನಾನೇ ಮಾಡಿದ ತಪ್ಪು ಕೇಳಿ. ಆಫೀಸಿನ ಇಬ್ಬರಿಗೆ ನೀಲಿ ಮರಿ ಬೇಕಿತ್ತು. ಜನವರಿಯಲ್ಲೇ ಎರಡನೇ ಸಲ ಐದು ಮೊಟ್ಟೆ. ನಾನು ಬರೆದ ಪುಟ್ಟ ಪೈಥಾನ್ ಪ್ರೋಗ್ರಾಂ ಹೇಳಿತು: ಒಂದಾದರೂ ನೀಲಿ ಬರುವ ಸಾಧ್ಯತೆ 76%. ಐದೂ ಹಸಿರು! ಉಳಿದ 24% ಅನ್ನುವುದೂ ನಿಜವೇ ಅಂತ ಆಗ ಅರ್ಥವಾಯಿತು. ಆದರೂ ಗಡಿಗೆ ತೆಗೆಯಲಿಲ್ಲ. “ಈ ಸಲ ಬಂದೇ ಬರುತ್ತೆ” ಅಂದುಕೊಂಡೆ. ಮನೆಗೆ ಬಂದವರು ವೈನಿಗೆ ಹೇಳುತ್ತಿದ್ದ ಅದೇ ಮಾತು.

ಮಾರ್ಚ್ ಬಿಸಿಲು. ಮೂರನೇ ಸಲದ ಎರಡನೇ ಮೊಟ್ಟೆಯ ಹೊತ್ತಿಗೆ ಹೆಣ್ಣು ಹಕ್ಕಿ ಪಂಜರದ ನೆಲದಲ್ಲಿ ಪುಕ್ಕ ಉಬ್ಬಿಸಿ ಕೂತಿತ್ತು. ಬಾಲ ಮೇಲೆ ಕೆಳಗೆ ಆಡುತ್ತಿತ್ತು, ಉಸಿರಾಟ ಜೋರು. ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡಿತ್ತು. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹುನಗುಂದದ ಪಶುವೈದ್ಯರ ಬಳಿ ಓಡಿದೆ. ಅವರು ಕಾವು ಕೊಟ್ಟರು, ಔಷಧ ಕೊಟ್ಟರು. “ಮೊಟ್ಟೆ ಚಿಪ್ಪಿನ ಕ್ಯಾಲ್ಸಿಯಂ ತಾಯಿಯ ಎಲುಬಿನಿಂದಲೂ ಹೋಗ್ತೈತಿ. ಮೂರು ಸಲ ಒಂದರ ಹಿಂದ ಒಂದು ಯಾಕ ಇಡಿಸಿದ್ರಿ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಬೆಳಗ್ಗೆ ಹಕ್ಕಿ ಸತ್ತುಹೋಯಿತು. ಹಿತ್ತಲಿನ ನುಗ್ಗೆ ಗಿಡದ ಬುಡದಲ್ಲಿ ಪುಟ್ಟಿ, ನಾನು ಸೇರಿ ಮಣ್ಣು ಮಾಡಿದೆವು.

ಜೋಡಿ ಮಾಡುವ ಮುನ್ನ

ನೀವೂ ಬಣ್ಣದ ಆಸೆಗೆ ಬೀಳುವ ಮೊದಲು ಇಷ್ಟು ನೋಡಿಕೊಳ್ಳಿ:

• ಹಕ್ಕಿಗೆ ಕನಿಷ್ಠ ಹತ್ತು-ಹನ್ನೆರಡು ತಿಂಗಳಾಗಿರಲಿ. ಹಣೆಯ ಪಟ್ಟೆಗಳು ಮೂಗಿನ ತನಕ ಇದ್ದರೆ ಅದಿನ್ನೂ ಮರಿ.

• ಕೊಕ್ಕಿನ ಮೇಲಿನ ಮೂಗಿನ ಭಾಗ ದೊಡ್ಡ ಗಂಡಿಗೆ ನೀಲಿ, ಹೆಣ್ಣಿಗೆ ಕಂದು. ಲ್ಯುಟಿನೋ ಗಂಡಿಗೆ ಮಾತ್ರ ಗುಲಾಬಿ-ನೇರಳೆ.

• ಒಡಹುಟ್ಟಿದವನ್ನು ಜೋಡಿ ಮಾಡಬೇಡಿ.

• ನವಣೆ, ಸಜ್ಜೆ ಜೊತೆಗೆ ನುಗ್ಗೆ ಸೊಪ್ಪು, ಬೇಯಿಸಿದ ಮೊಟ್ಟೆ ಕೊಡಿ. ಕಟಲ್ ಬೋನ್ ಪಂಜರದಲ್ಲಿ ಯಾವಾಗಲೂ ಇರಲಿ.

• ದಿನ ಬಿಟ್ಟು ದಿನ ನಾಲ್ಕರಿಂದ ಆರು ಮೊಟ್ಟೆ, ಸುಮಾರು 18 ದಿನ ಕಾವು, ಐದು ವಾರಕ್ಕೆ ಮರಿ ಹೊರಗೆ. ವರ್ಷಕ್ಕೆ ಎರಡು ಸಲ ಸಾಕು, ಆಮೇಲೆ ಗಡಿಗೆ ತೆಗೆದುಬಿಡಿ. ನಮ್ಮ ಕಡೆಯ ಬೇಸಿಗೆಯಲ್ಲಂತೂ ಬೇಡವೇ ಬೇಡ.

ಏಪ್ರಿಲ್‌ನಲ್ಲಿ ವೈನಿಗೆ ಹೆರಿಗೆ ಆಯಿತು. ಹೆಣ್ಣು. ತೊಟ್ಟಿಲ ದಿನ ಬಂದ ಕಾಕು ಮಗುವಿನ ಮುಖ ನೋಡಿ, ವೈನಿ ಕಡೆ ತಿರುಗಿ, “ಮತ್ತ ಹೆಣ್ಣs ಏನವ್ವಾ?” ಅಂದರು.

ವೈನಿ ಬಾಯಿ ತೆರೆಯುವ ಮೊದಲೇ ಆಯಿ ಅಂದಳು: “ಅದನ್ನ ನನ್ನ ಮೊಮ್ಮಗನ್ನ ಕೇಳವ್ವಾ, ಆಕೀನ್ನ ಯಾಕ ಕೇಳ್ತಿ?”

ನೀಲಿ ಮರಿಯನ್ನು ನಾನು ಯಾರಿಗೂ ಕೊಡಲಿಲ್ಲ. ಈಗ ಅದರ ಮೂಗು ಕಂದಾಗಿದೆ, ಅದೂ ಹೆಣ್ಣೇ. ಗಡಿಗೆಯನ್ನು ಅಟ್ಟಕ್ಕೆ ಹಾಕಿದ್ದೇನೆ.