ಗೋಡೆಯ ಮೇಲಿನ ಮೈರಾವಣ

ಬ್ಯಾಂಕಾಕಿನಲ್ಲಿ ನಮಗೆ ಸಿಕ್ಕಿದ್ದು ಒಂದೇ ಒಂದು ದಿನ. ಅಮ್ಮ, ಹೆಂಡತಿ, ಹತ್ತು ವರ್ಷದ ಮಗಳು ಮತ್ತು ನಾನು. ಈ ಊರನ್ನು ನೋಡುವುದಾದರೆ ಚಾವ್ ಫ್ರಾಯಾ ನದಿಯ ಮೇಲಿಂದಲೇ ನೋಡಬೇಕು ಎಂದು ಮೊದಲೇ ತೀರ್ಮಾನಿಸಿದ್ದೆವು. ಬೆಳಿಗ್ಗೆ ಸಾಥೋನ್ ಕಟ್ಟೆಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿದೆವು. ಇದು ಊರವರ ದೋಣಿ. ಕಚೇರಿಗೆ ಹೊರಟವರು, ಯೂನಿಫಾರಂ ಹಾಕಿದ ಮಕ್ಕಳು, ಕಾವಿ ಉಟ್ಟ ಭಿಕ್ಷುಗಳು ಎಲ್ಲರೂ ಇದರಲ್ಲೇ. ಕಂಡಕ್ಟರಮ್ಮನ ಕೈಯಲ್ಲಿ ಉದ್ದನೆಯ ತಗಡಿನ ಕೊಳವೆ. ಟಿಕೆಟ್ಟಿನ ಸುರುಳಿಯೂ ಚಿಲ್ಲರೆಯೂ ಅದರೊಳಗೇ. ಅದರ ಮುಚ್ಚಳವನ್ನು ಟಕಟಕ ಬಡಿಯುತ್ತಾ ಆಕೆ ಬಂದರೆ ದುಡ್ಡು ತೆಗೆಯಿರಿ ಎಂದರ್ಥ. ಬಾಯಿ ಬಿಟ್ಟು ಕೇಳುವ ಅಗತ್ಯವೇ ಇಲ್ಲ.

ಇಳಿದದ್ದು ಥಾ ಚಾಂಗ್‌ನಲ್ಲಿ. ಚಾಂಗ್ ಎಂದರೆ ಆನೆ. ಅರಮನೆಯ ಆನೆಗಳನ್ನು ಹಿಂದೆ ಸ್ನಾನಕ್ಕೆ ಕರೆತರುತ್ತಿದ್ದ ಕಟ್ಟೆ ಇದು. ಅರಮನೆಯ ದಾರಿಯಲ್ಲಿ ನೀಟಾಗಿ ಉಡುಪು ತೊಟ್ಟ ಒಬ್ಬರು ಎದುರಾಗಿ, ಮಧ್ಯಾಹ್ನದವರೆಗೆ ಅರಮನೆ ಮುಚ್ಚಿದೆ, ಅಷ್ಟರಲ್ಲಿ ಬೇರೆ ದೇವಸ್ಥಾನ ತೋರಿಸುತ್ತೇನೆ ಎಂದರು. ನಂಬಬೇಡಿ, ನೇರ ಬಾಗಿಲಿಗೇ ಹೋಗಿ. ಬಾಗಿಲು ತೆರೆದೇ ಇತ್ತು. ಮೊಣಕಾಲು, ಭುಜ ಮುಚ್ಚುವ ಬಟ್ಟೆ ಇರಲೇಬೇಕು. ಅಮ್ಮನ ಸೀರೆಗೆ ಯಾರ ತಕರಾರೂ ಬರಲಿಲ್ಲ. ಟಿಕೆಟ್ ತಲೆಗೆ 500 ಬಾತ್. ದುಬಾರಿಯೇ, ಆದರೆ ಆ ದುಡ್ಡಿನ ಬೆಲೆ ಒಳಗಿದೆ.

1767ರಲ್ಲಿ ಬರ್ಮಾದ ಸೇನೆ ಅಯುತ್ಥಯಾ ನಗರವನ್ನು ಸುಟ್ಟು ಹಾಕಿತು. ನಮ್ಮ ಅಯೋಧ್ಯೆಯ ಹೆಸರನ್ನೇ ಹೊತ್ತಿದ್ದ ರಾಜಧಾನಿ ಅದು. 1782ರಲ್ಲಿ ಪಟ್ಟಕ್ಕೆ ಬಂದ ಅರಸ ನದಿಯ ಈ ದಡದಲ್ಲಿ ಹೊಸ ಊರು ಕಟ್ಟಿಸಿದ. ಅವನನ್ನು ಒಂದನೇ ರಾಮ ಎನ್ನುತ್ತಾರೆ. ಈಗ ಸಿಂಹಾಸನದಲ್ಲಿರುವವರು ಹತ್ತನೆಯವರು. ಅರಮನೆಗೆ ಸೇರಿದ ವಾತ್ ಫ್ರಾ ಕೆಯೋ ದೇವಾಲಯದಲ್ಲಿ ಪಚ್ಚೆ ಬುದ್ಧನಿದ್ದಾನೆ. ಎತ್ತರ 66 ಸೆಂಟಿಮೀಟರ್ ಅಷ್ಟೇ. ಬೇಸಿಗೆ, ಮಳೆ, ಚಳಿ ಎಂದು ವರ್ಷಕ್ಕೆ ಮೂರು ಸಲ ಅವನಿಗೆ ಉಡುಪು ಬದಲಾಗುತ್ತದೆ. ಜನ ಕಿಕ್ಕಿರಿದಿದ್ದರು, ಕೈಮುಗಿದು ಹೊರಬಂದೆವು.

ನಾವು ಹೆಚ್ಚು ಹೊತ್ತು ನಿಂತುಹೋದದ್ದು ದೇವಾಲಯದ ಸುತ್ತಲಿನ ಪೌಳಿಯಲ್ಲಿ. ಒಳಗೋಡೆಯುದ್ದಕ್ಕೂ 178 ದೃಶ್ಯಗಳಲ್ಲಿ ಇಡೀ ರಾಮಾಯಣ, ಅವರ ಮಾತಿನಲ್ಲಿ ರಾಮಕಿಯೆನ್. ಕಂಬಗಳ ಅಮೃತಶಿಲೆಯ ಮೇಲೆ ಕೆತ್ತಿದ ಥಾಯ್ ಪದ್ಯಗಳಲ್ಲಿ ನಮಗೆ ಒಂದಕ್ಷರವೂ ತಿಳಿಯದು. ಆದರೆ ಅಮ್ಮ ಓದತೊಡಗಿದರು. ಮೊದಲ ಚಿತ್ರದಲ್ಲೇ ನೇಗಿಲು, ಎತ್ತು, ಮಗು: "ಜನಕ ಮಹಾರಾಜ, ನೋಡ್ ಮಗಾ" ಎಂದು ಮೊಮ್ಮಗಳಿಗೆ ಹೇಳಿದರು. ಇಲ್ಲಿ ಸೀತೆ ರಾವಣನದೇ ಮಗಳು. ಕುಲಕ್ಕೆ ಕೇಡೆಂದು ವಿಭೀಷಣ ಭವಿಷ್ಯ ನುಡಿದದ್ದರಿಂದ ನೀರಿಗೆ ಬಿಟ್ಟ ಕೂಸು. ನಮ್ಮ ಜನಪದ ರಾಮಾಯಣವೊಂದರಲ್ಲೂ ರಾವಣನೇ ಬಸುರಾಗಿ, ಸೀನಿದಾಗ ಮೂಗಿನಿಂದ ಹುಟ್ಟಿದವಳು ಸೀತೆ. 'ಸೀತ' ಎಂದರೆ ಸೀನಿದ ಎಂದೇ ಹಳ್ಳಿಯ ಅರ್ಥ.

ಬಣ್ಣ ತಿಳಿದರೆ ಅರ್ಧ ಕಥೆ ತಿಳಿದಂತೆ. ರಾಮ ಹಸಿರು, ಲಕ್ಷ್ಮಣ ಹೊಂಬಣ್ಣ, ಹನುಮಂತ ಬಿಳಿ, ತೊತ್ಸಕನ್ ಎಂಬ ಹತ್ತು ತಲೆಯ ರಾವಣನೂ ಹಸಿರೇ. ಕಿರೀಟ, ಕವಚಗಳಿಗೆಲ್ಲ ಚಿನ್ನದ ರೇಕು. ಹೊತ್ತು ಏರಿದಂತೆ ಅಂಗಳದ ಬಿಸಿಲು ಪ್ರತಿಫಲಿಸಿ ಯುದ್ಧಭೂಮಿಯೇ ಅಲುಗಾಡಿದಂತೆ ಕಾಣುತ್ತದೆ. ಒಂದು ಚಿತ್ರದ ಮುಂದೆ ಅಮ್ಮ ಗಕ್ಕನೆ ನಿಂತರು. ಪರ್ವತದಷ್ಟು ಬೆಳೆದ ಬಿಳಿ ಹನುಮಂತ, ಅವನ ತೆರೆದ ಬಾಯೊಳಗೆ ಪುಟ್ಟದೊಂದು ಮಂಟಪ, ಅದರಲ್ಲಿ ರಾಮ.

"ಇದ್ ಮೈರಾವಣನ ಕಥಿ ಅಲ್ದಾ!"

ಹೌದು, ಅದೇ. ಕುಂದಾಪುರದ ಗದ್ದೆಗಳಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದ ಕಣ್ಣು ಅಮ್ಮನದು. ಮೈರಾವಣ ಕಾಳಗದಲ್ಲಿ ಹನುಮಂತ ಬಾಲವನ್ನೇ ಕೋಟೆ ಮಾಡಿ ರಾಮಲಕ್ಷ್ಮಣರನ್ನು ಕಾಯುತ್ತಾನೆ. ಇಲ್ಲಿ ರಾಮನ ಮಂಟಪವನ್ನು ಬಾಯಲ್ಲೇ ಇಟ್ಟುಕೊಂಡಿದ್ದಾನೆ. ಅವರ ಮೈಯರಾಪ್ ಕೊಳವೆಯಿಂದ ನಿದ್ದೆಪುಡಿ ಊದಿ ರಾಮನನ್ನು ಪಾತಾಳಕ್ಕೆ ಹೊತ್ತೊಯ್ಯುತ್ತಾನೆ. ಅಲ್ಲಿ ಕಾವಲಿಗಿರುವವನು ಹನುಮಂತನ ಮಗ. ನಮ್ಮಲ್ಲಿ ಹನುಮಂತನ ಬೆವರು ನುಂಗಿದ ಮೀನಿಗೆ ಹುಟ್ಟಿದವನು. ಥಾಯ್ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆಯ ಕಲ್ಲು ಕದಿಯಲು ಬಂದ ರಾವಣನ ಮಗಳು, ಚಿನ್ನದ ಮತ್ಸ್ಯಕನ್ಯೆಯನ್ನೇ ಒಲಿಸಿಕೊಂಡವನು. ಅಮ್ಮನಿಗೆ ಇದನ್ನು ಹೇಳಲು ನನಗೆ ಅಳುಕಿತ್ತು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತ್, ಅದ್ ಇವ್ರ ಪ್ರಸಂಗ" ಎಂದು ಮುಂದಿನ ಚಿತ್ರಕ್ಕೆ ಹೋದರು. ಎರಡು ಗಂಟೆ ಕಳೆದದ್ದೇ ತಿಳಿಯಲಿಲ್ಲ. ಹೆಚ್ಚಿನವರು ಈ ಪೌಳಿಯನ್ನು ಹತ್ತು ನಿಮಿಷದಲ್ಲಿ ದಾಟಿ ಹೋಗುತ್ತಿದ್ದರು; ನನಗೆ ಸಂಕಟವಾಯಿತು. ರಾಮಾಯಣ ಕೇಳಿ ಬೆಳೆದ ನಮ್ಮವರಂತೂ ಹಾಗೆ ಮಾಡಬಾರದು.

ಊಟಕ್ಕೆ 'ಜೇ' ಎಂಬ ಅಕ್ಷರ ಹುಡುಕಿದೆವು. ಹಳದಿ ಬಾವುಟದ ಮೇಲೆ ಕೆಂಪಗೆ, ದೂರಕ್ಕೆ 17 ಎಂದು ಬರೆದಂತೆ ಕಾಣುತ್ತದೆ. ಅದಿದ್ದಲ್ಲಿ ಮಾಂಸ, ಮೀನುಸಾರು ಮಾತ್ರವಲ್ಲ, ಬೆಳ್ಳುಳ್ಳಿಯೂ ಇಲ್ಲ. ಆಮೇಲೆ ತೆಂಗಿನಹಾಲು ಸುರಿದ ಅಂಟಕ್ಕಿ ಅನ್ನದ ಜೊತೆ ಮಾವಿನಹಣ್ಣು. ಮಗಳು ಎರಡು ತಟ್ಟೆ ಮುಗಿಸಿದಳು.

ವಾತ್ ಫೋದಲ್ಲಿ 46 ಮೀಟರ್ ಉದ್ದದ ಬುದ್ಧ ಮಲಗಿದ್ದಾನೆ. ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳು. ಬೆನ್ನ ಹಿಂದೆ 108 ಕಂಚಿನ ಪಾತ್ರೆಗಳ ಸಾಲು. ಅಮ್ಮ ಒಂದೊಂದಕ್ಕೂ ನಾಣ್ಯ ಹಾಕುತ್ತಾ ನಡೆದರು. ಟಣ್, ಟಣ್ ಎಂಬ ಸದ್ದು ಇಡೀ ಕಟ್ಟಡಕ್ಕೆ ತಾಳ ಹಿಡಿದಂತಿತ್ತು.

ಸಂಜೆ ಥಾ ತಿಯನ್‌ನಿಂದ ಕಡವು ದೋಣಿಯಲ್ಲಿ ಆಚೆ ದಡಕ್ಕೆ, ವಾತ್ ಅರುಣ್‌ಗೆ. ಸೂರ್ಯನ ಸಾರಥಿ ಅರುಣನ ಹೆಸರು. ಗೋಪುರದ ತುಂಬ ಚೀನೀ ಪಿಂಗಾಣಿಯ ಚೂರುಗಳು. ಹತ್ತಿರ ಹೋದರೆ ತಟ್ಟೆಯ ಅಂಚು, ನೀಲಿ ಹೂವಿನ ಅರ್ಧ ಎಸಳು ಗುರುತು ಸಿಗುತ್ತವೆ. ಬಾಗಿಲಲ್ಲಿ ದಂಡ ಊರಿ ನಿಂತ ಇಬ್ಬರು ದೈತ್ಯರಲ್ಲಿ ಹಸಿರು ಮೈಯವನನ್ನು ಮಗಳು ದೂರದಿಂದಲೇ ಗುರುತಿಸಿ, "ಅಜ್ಜೀ, ತೊತ್ಸಕನ್!" ಎಂದು ಕೂಗಿದಳು.

ಅಮ್ಮನ ಮಂಡಿ ನೋವಿಗೆ ಕಡಿದಾದ ಮೆಟ್ಟಿಲು ಆಗದು. ಅವರು ಕೆಳಗೇ ಕಟ್ಟೆಯ ಮೇಲೆ ಕೂತರು. ಮಗಳು ಗೋಪುರದ ಸುತ್ತ ಓಡಿ ಬಂದು ತಾನು ಕಂಡದ್ದನ್ನು ವರದಿ ಮಾಡಿದಳು: ಒಂದು ಸಾಲಿನಲ್ಲಿ ರಾಕ್ಷಸರು, ಇನ್ನೊಂದು ಸಾಲಿನಲ್ಲಿ ಕಪಿಗಳು, ಎಲ್ಲರೂ ಕೈಯೆತ್ತಿ ಒಂದೇ ಗೋಪುರ ಹೊತ್ತಿದ್ದಾರೆ.

"ಯುದ್ಧ ಮುಗೀತಾ ಹಾಗಾದ್ರೆ, ಅಜ್ಜಿ?"

ಅಮ್ಮ ಕನ್ನಡಕ ಸರಿಮಾಡಿಕೊಂಡು, ಮೊಮ್ಮಗಳ ಕೈಹಿಡಿದು ಎದ್ದು, ನೋಡಲು ಹೊರಟರು.