ಮಿದುಳಿನೊಳಗಿನ ಆಕಾಶವಾಣಿ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರವನ್ನಾರಂಭಿಸಿದರು. ಅದಕ್ಕೆ 'ಆಕಾಶವಾಣಿ'ಯೆಂಬ ಹೆಸರಾಯಿತು. ಮನಸ್ಸನ್ನೂ ರೇಡಿಯೋವನ್ನೂ ಒಬ್ಬರೇ ಕೈಗೆತ್ತಿಕೊಂಡುದು ಆಕಸ್ಮಿಕವಿರಬಹುದು. ಆದರೂ ಮಿದುಳಿನ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಉಪಮೆ ದೊರೆಯದು.

ಒಂದು ನರಕೋಶವು ಡೋಪಮೀನ್‌ನಂತಹ ರಾಸಾಯನಿಕವನ್ನು ಹೊರಸೂಸುತ್ತದೆ. ನೆರೆಯ ಕೋಶದ ಮೇಲಿರುವ 'ಗ್ರಾಹಿ'ಗಳು ಅದನ್ನು ಹಿಡಿಯುತ್ತವೆ. ಪ್ರಸಾರವು ಒಂದೇ ಆದರೂ ರೇಡಿಯೋ ಪೆಟ್ಟಿಗೆಯ ತಿರುಗುಣಿ ತುಸು ಸರಿದರೆ ಧ್ವನಿ ಬೇರೆಯಾಗುವುದಿಲ್ಲವೆ? ಈ ಗ್ರಾಹಿಗಳನ್ನು ರಚಿಸುವ ಸೂಚನೆಯು ತಂದೆತಾಯಿಗಳಿಂದ ಬಂದ ಜೀನುಗಳಲ್ಲಿದೆ.

ಇಲ್ಲದ ದನಿಗಳು ಕೇಳಿಸುವ, ಆಪ್ತರಲ್ಲಿಯೇ ಸಂಶಯ ಹುಟ್ಟಿಸುವ ಸ್ಕಿಜೋಫ್ರೀನಿಯ ರೋಗಕ್ಕೆ 1952ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಬಳಕೆಗೆ ಬಂದಿತು. ಅಂತಹ ಔಷಧಗಳು ಡೋಪಮೀನಿನ ಗ್ರಾಹಿಯನ್ನು ತಡೆಯುತ್ತವೆಂಬುದು 1970ರ ದಶಕದಲ್ಲಿ ಖಚಿತವಾಯಿತು. 2014ರಲ್ಲಿ 36,989 ರೋಗಿಗಳ ಜೀನುರಾಶಿಯನ್ನು ಆರೋಗ್ಯವಂತರದರೊಡನೆ ಹೋಲಿಸಿದಾಗ, ರೋಗದ ಸಂಬಂಧವಿರುವ 108 ಸ್ಥಾನಗಳು ಕಂಡುಬಂದವು. ಅವುಗಳಲ್ಲೊಂದು 11ನೆಯ ವರ್ಣತಂತುವಿನಲ್ಲಿರುವ ಡಿಆರ್‌ಡಿ2: ಔಷಧವು ಹಿಡಿಯುವ ಅದೇ ಗ್ರಾಹಿಯ ಜೀನು! 2022ರ ವೇಳೆಗೆ ಸ್ಥಾನಗಳ ಸಂಖ್ಯೆ 287ಕ್ಕೇರಿತು.

ನಮ್ಮಲ್ಲಿ ಸಂಬಂಧ ಕುದುರಿಸಲು ಹೊರಟವರು "ಆ ಮನೆತನದಲ್ಲಿ ಯಾರಿಗಾದರೂ ಚಿತ್ತಭ್ರಮೆಯಿತ್ತೆ?" ಎಂದು ನೆರೆಯವರನ್ನು ಗುಟ್ಟಾಗಿ ವಿಚಾರಿಸುವುದುಂಟು. ಆ ಭಯದಿಂದಲೇ ಎಷ್ಟೋ ಮನೆಗಳಲ್ಲಿ ರೋಗಿಯನ್ನು ಕಣ್ಮರೆಯಾಗಿಟ್ಟು ಚಿಕಿತ್ಸೆಯನ್ನು ತಡಮಾಡುತ್ತಾರೆ. ಜೀನುಗಳ ಹೊಸ ಸುದ್ದಿ ಈ ಪಿಸುಮಾತಿಗೆ ಸಾಕ್ಷಿ ನುಡಿದಂತೆ ತೋರಬಹುದು. ವಾಸ್ತವವಾಗಿ ಅದು ನುಡಿಯುವುದೇ ಬೇರೆ. ಸಾಮಾನ್ಯವಾದ ಒಂದೊಂದು ವ್ಯತ್ಯಾಸದ ಪ್ರಭಾವವೂ ಅತ್ಯಲ್ಪ. ಅಂಥವು ನನ್ನಲ್ಲಿಯೂ, ವಾಚಕ ಮಹಾಶಯರೇ, ತಮ್ಮಲ್ಲಿಯೂ ಹಲವಿವೆ. ಜನಸಾಮಾನ್ಯರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುವ ಈ ರೋಗ, ತಂದೆ ಅಥವಾ ತಾಯಿಗೆ ಇದ್ದಲ್ಲಿ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಬರುತ್ತದೆ. ಉಳಿದ ತೊಂಬತ್ತು ಮಂದಿಗೆ ಬರುವುದಿಲ್ಲ. ಒಂದೇ ಜೀನುರಾಶಿಯ ಅವಳಿಗಳಲ್ಲಿ ಸಹ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧದಷ್ಟು ಸಂದರ್ಭಗಳಲ್ಲಿ ಮಾತ್ರ, ಅಥವಾ ಅದಕ್ಕೂ ಕಡಿಮೆ. ಮನೆತನದ ಹಣೆಬರಹವನ್ನು ಓದಬಲ್ಲ ರಕ್ತಪರೀಕ್ಷೆಯು ಇಂದಿಗೂ ಇಲ್ಲ.

ಇಂತಹ ಅಧ್ಯಯನಗಳಿಗೆ ಒಳಗಾದವರಲ್ಲಿ ಬಹುಪಾಲು ಯುರೋಪ್ ಮೂಲದವರು. ಅವರ ಲೆಕ್ಕ ನಮಗೆ ಹಾಗೆಯೇ ಹೊಂದೀತೆಂದು ಹೇಳಲಾಗದು. ಹಳೆಯ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಿಂದ ಬೆಳೆದ ಬೆಂಗಳೂರಿನ ನಿಮ್ಹಾನ್ಸ್‌ನ ವಿಜ್ಞಾನಿಗಳು ಇತರ ಸಂಸ್ಥೆಗಳೊಡಗೂಡಿ, ಒಂದೇ ಕುಟುಂಬದ ಹಲವರಿಗೆ ಮನೋರೋಗವಿರುವ ನಮ್ಮ ಮನೆಗಳನ್ನು ಅಭ್ಯಸಿಸುತ್ತಿದ್ದಾರೆ. ರೋಗಿಗಳ ಮತ್ತು ಅವರ ಆರೋಗ್ಯವಂತ ಬಂಧುಗಳ ರಕ್ತಕಣಗಳಿಂದ ಗಾಜಿನ ತಟ್ಟೆಯಲ್ಲಿ ನರಕೋಶಗಳನ್ನು ಬೆಳೆಸಿ, ಎರಡನ್ನೂ ಪಕ್ಕಪಕ್ಕದಲ್ಲಿರಿಸಿ ನೋಡುತ್ತಿದ್ದಾರೆ.