ಮೊದಲು ಬಿಳಿ, ಆಮೇಲೆ ಕೆಂಪು: ಸುಣ್ಣಕಲ್ಲಿನ ಸೀಮೆಯ ಕ್ಲೋರೈಡ್ ಲೆಕ್ಕ

ಕ್ಲೋರೈಡ್ ಬೆರೆತ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದರೆ ಒಡೆದ ಮೊಸರಿನಂಥ ಬಿಳಿ ಪ್ರಕ್ಷೇಪ ಬೀಳುತ್ತದೆ. ಅದು ಸಿಲ್ವರ್ ಕ್ಲೋರೈಡ್. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸುಣ್ಣಕಲ್ಲಿನ ಪಟ್ಟಿಯಲ್ಲಿ ಎರಡು ಪ್ರಶ್ನೆಗಳಿಗೆ ಈ ಬಿಳಿಯೇ ಉತ್ತರ ಹೇಳಬೇಕು. ಬೋರ್‌ವೆಲ್ ನೀರನ್ನು ಕುಡಿಯಬಹುದೇ? ಇಲ್ಲಿನ ಭಟ್ಟಿಗಳಿಂದ ಬರುವ ಸಿಮೆಂಟು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ತರದೆ ಉಳಿದೀತೇ? ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕ್ಲೋರೈಡಿನ ಮಿತಿ ಲೀಟರಿಗೆ 250 ಮಿ.ಗ್ರಾಂ, ಬೇರೆ ನೀರೇ ಇಲ್ಲದ ಕಡೆ 1000 ಮಿ.ಗ್ರಾಂ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲಿ ಅದು ಶೇ 0.1 ದಾಟಬಾರದು.

ಎರಡೂ ಪರೀಕ್ಷೆಗಳ ಹಿಂದಿರುವ ಸೂತ್ರ ವಿಲೇಯತಾ ಗುಣಲಬ್ಧ. ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ 1889ರಲ್ಲಿ ಅದಕ್ಕೆ ಸೈದ್ಧಾಂತಿಕ ತಳಹದಿ ಹಾಕಿದ. ಕರಗದ ಲವಣವೆಂದು ಹೆಸರಾದದ್ದೂ ಒಂದಿಷ್ಟು ಕರಗಿಯೇ ಇರುತ್ತದೆ. ತೃಪ್ತ ದ್ರಾವಣದಲ್ಲಿ ಅದರ ಅಯಾನುಗಳ ಸಾರತೆಗಳನ್ನು ಗುಣಿಸಿದರೆ, ಉಷ್ಣತೆ ಬದಲಾಗದಿರುವವರೆಗೆ, ಒಂದೇ ಸ್ಥಿರಾಂಕ ಸಿಗುತ್ತದೆ. ಗುಣಲಬ್ಧ ಆ ಅಂಕಿಯನ್ನು ಮೀರಿದರೆ ಲವಣ ತಳಕ್ಕಿಳಿಯಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಲ್ವರ್ ಕ್ಲೋರೈಡಿನ ಅಂಕಿ 1.8 × 10⁻¹⁰.

ನೀರಿನ ಪರೀಕ್ಷೆಗೆ ಇಂದಿಗೂ ಬಳಕೆಯಲ್ಲಿರುವುದು ಕಾರ್ಲ್ ಫ್ರೆಡ್ರಿಕ್ ಮೋರ್ 1850ರ ದಶಕದಲ್ಲಿ ಕೊಟ್ಟ ವಿಧಾನ. ಕಾನಿಕಲ್ ಫ್ಲಾಸ್ಕಿನಲ್ಲಿ 50 ಮಿ.ಲೀ. ನೀರು, ಅದಕ್ಕೆ ಕೆಲವು ಹನಿ ಪೊಟ್ಯಾಸಿಯಂ ಕ್ರೋಮೇಟ್. ನೀರು ನಿಂಬೆ ಹಳದಿಯಾಗುತ್ತದೆ. ಬ್ಯೂರೆಟ್ಟಿನಿಂದ ಸಿಲ್ವರ್ ನೈಟ್ರೇಟ್ ಇಳಿಯುತ್ತಿದ್ದಂತೆ ಹಳದಿಯೊಳಗೆ ಬಿಳಿ ದಟ್ಟವಾಗುತ್ತ ಹೋಗುತ್ತದೆ. ಹನಿ ಬಿದ್ದ ಜಾಗದಲ್ಲಿ ಕ್ಷಣಕಾಲ ಇಟ್ಟಿಗೆ ಕೆಂಪು ಮಿಂಚಿ, ಫ್ಲಾಸ್ಕು ಅಲುಗಿಸಿದೊಡನೆ ಮಾಯವಾಗುತ್ತದೆ. ಆ ಕೆಂಪು ಮಾಯವಾಗದೆ ಉಳಿದ ಹನಿಯೇ ಕೊನೆಯ ಹನಿ. ರಸಾಯನ ವಿಜ್ಞಾನದ ಅಷ್ಟೂ ಪ್ರಯೋಗಗಳಲ್ಲಿ ಆಯ್ದ ಪ್ರಕ್ಷೇಪಣವನ್ನು, ಅಂದರೆ ಒಂದು ಲವಣ ಬಹುಪಾಲು ಬಿದ್ದ ಮೇಲಷ್ಟೇ ಇನ್ನೊಂದು ಬೀಳುವುದನ್ನು, ಇದಕ್ಕಿಂತ ಚೆಂದವಾಗಿ ಕಣ್ಣಿಗೆ ಕಟ್ಟುವುದು ಇನ್ನೊಂದಿಲ್ಲ.

ಲೆಕ್ಕವೂ ಅಷ್ಟೇ ಚೆಂದ. ಲೀಟರಿಗೆ 250 ಮಿ.ಗ್ರಾಂ ಕ್ಲೋರೈಡ್ ಎಂದರೆ 0.00705 ಮೋಲ್. ಸಿಲ್ವರ್ ಅಯಾನಿನ ಸಾರತೆ 2.6 × 10⁻⁸ ಮುಟ್ಟಿದರೆ ಸಾಕು, ಬಿಳಿ ಬೀಳಲು ಶುರು. ಕೆಂಪು ಬಣ್ಣದ ಸಿಲ್ವರ್ ಕ್ರೋಮೇಟಿನ ಗುಣಲಬ್ಧ 1.1 × 10⁻¹². ಕ್ರೋಮೇಟು ಲೀಟರಿಗೆ 0.005 ಮೋಲ್ ಇದ್ದರೆ, ಕೆಂಪು ಹುಟ್ಟಲು ಸಿಲ್ವರ್ 1.5 × 10⁻⁵ಕ್ಕೆ ಏರಬೇಕು, ಅಂದರೆ ಐನೂರಕ್ಕೂ ಹೆಚ್ಚು ಪಟ್ಟು. ಆ ಹೊತ್ತಿಗೆ ನೀರಿನಲ್ಲಿ ಉಳಿದಿರುವ ಕ್ಲೋರೈಡ್ ಲೀಟರಿಗೆ 0.43 ಮಿ.ಗ್ರಾಂ ಮಾತ್ರ. 250ರಲ್ಲಿ ಶೇ 99.8 ಭಾಗ ಆಗಲೇ ತಳ ಸೇರಿರುತ್ತದೆ.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಸಿಲ್ವರ್ ಕ್ರೋಮೇಟಿನ ಅಂಕಿ ಸಿಲ್ವರ್ ಕ್ಲೋರೈಡಿನದಕ್ಕಿಂತ ಚಿಕ್ಕದು. ಹಾಗಿದ್ದ ಮೇಲೆ ಅದೇ ಮೊದಲು ಬೀಳಬೇಕಲ್ಲವೇ? ಬೀಳುವುದಿಲ್ಲ. ಕ್ರೋಮೇಟಿನ ಗುಣಲಬ್ಧದಲ್ಲಿ ಸಿಲ್ವರ್ ಎರಡು ಸಲ ಗುಣಿಸಲ್ಪಡುತ್ತದೆ, ಕ್ಲೋರೈಡಿನದರಲ್ಲಿ ಒಂದೇ ಸಲ. ಲವಣದ ರಚನೆ ಬೇರೆಯಾದಾಗ ಬರೀ ಅಂಕಿಗಳನ್ನು ಪಕ್ಕದಲ್ಲಿಟ್ಟು ಹೋಲಿಸುವುದು ತಪ್ಪು. ಶುದ್ಧ ನೀರಿನಲ್ಲಿ ಸಿಲ್ವರ್ ಕ್ಲೋರೈಡ್ ಲೀಟರಿಗೆ 1.3 × 10⁻⁵ ಮೋಲ್ ಕರಗಿದರೆ, ಸಿಲ್ವರ್ ಕ್ರೋಮೇಟ್ ಕರಗುವುದು 6.5 × 10⁻⁵ ಮೋಲ್.

ಸುಣ್ಣಕಲ್ಲಿನ ನೆಲದ ನೀರಿನಲ್ಲಿ ಬೈಕಾರ್ಬನೇಟ್ ಹೇರಳ. ಸಿಲ್ವರ್ ಕಾರ್ಬನೇಟೂ ಕರಗದ ಲವಣವೇ ಆದ್ದರಿಂದ ಅದು ನಡುವೆ ಬಂದು ಲೆಕ್ಕ ಕೆಡಿಸೀತೇ ಎಂಬ ಅನುಮಾನ ಸಹಜ. ಲೀಟರಿಗೆ 300 ಮಿ.ಗ್ರಾಂ ಬೈಕಾರ್ಬನೇಟ್ ಇರುವ, ಪಿಎಚ್ 7.5ರ ನೀರಿನಲ್ಲಿ ನಿಜವಾದ ಕಾರ್ಬನೇಟ್ ಅಯಾನು ತೀರಾ ಕಡಿಮೆ. ಅದು ಪ್ರಕ್ಷೇಪಗೊಳ್ಳಲು ಸಿಲ್ವರ್ 10⁻³ರ ಆಸುಪಾಸಿಗೆ ಏರಬೇಕು. ಅದಕ್ಕೆ ಬಹಳ ಮೊದಲೇ ಕೆಂಪು ಕಾಣಿಸಿಕೊಂಡಿರುತ್ತದೆ. ಅನುಮಾನಕ್ಕೆ ಆಧಾರವಿಲ್ಲ.

ಸಿಮೆಂಟಿನ ಕಥೆ ಬೇರೆ. ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ, ಚಿಂಚೋಳಿ ತಾಲ್ಲೂಕಿನ ಛತ್ರಸಾಲದ ಕಲಬುರ್ಗಿ ಸಿಮೆಂಟ್, ಇವೆಲ್ಲ ನೆಲೆ ನಿಂತದ್ದು ಭೀಮಾ ಕೊಳ್ಳದ ಸುಣ್ಣಕಲ್ಲಿನ ಮೇಲೆ. ಸಿಮೆಂಟು ನೀರಿಗೆ ಬಿದ್ದರೆ ದ್ರಾವಣ ಉಗ್ರ ಕ್ಷಾರವಾಗುತ್ತದೆ, ಸಿಲ್ವರ್ ಕಂದು ಆಕ್ಸೈಡಾಗಿ ಬೀಳುತ್ತದೆ. ಅದನ್ನು ತಪ್ಪಿಸಲು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಕ್ರೋಮೇಟು ಡೈಕ್ರೋಮೇಟಾಗಿ ಕೆಂಪೇ ಮೂಡುವುದಿಲ್ಲ. ಮೋರ್ ವಿಧಾನ ಎರಡೂ ಕಡೆ ಸೋಲುವ ಈ ಜಾಗಕ್ಕೆ 1874ರಲ್ಲಿ ಯಾಕೋಬ್ ಫೋಲ್‌ಹಾರ್ಡ್ ಕೊಟ್ಟ ದಾರಿ ಹೊಂದುತ್ತದೆ: ಆಮ್ಲದಲ್ಲೇ ಸಿಲ್ವರನ್ನು ಬೇಕಾದ್ದಕ್ಕಿಂತ ಹೆಚ್ಚು ಹಾಕಿ, ಮಿಕ್ಕಿದ್ದನ್ನು ಥಯೊಸಯನೇಟಿನಿಂದ ಅಳೆಯುವುದು. ಸಿಲ್ವರ್ ಥಯೊಸಯನೇಟಿನ ಗುಣಲಬ್ಧ 10⁻¹². ಇದರ ರಚನೆ ಕ್ಲೋರೈಡಿನಂತೆಯೇ ಇರುವುದರಿಂದ ಈ ಸಲ ಅಂಕಿಗಳ ನೇರ ಹೋಲಿಕೆ ಸರಿ. ಅದು ಬಿದ್ದ ಬಿಳಿಯನ್ನೂ ತಿನ್ನಲು ಹೋಗುತ್ತದೆ. ಸಿಲ್ವರ್ ಕ್ಲೋರೈಡನ್ನು ಮೊದಲೇ ಸೋಸಿ ತೆಗೆಯದಿದ್ದರೆ ಸಿಮೆಂಟಿನ ಕ್ಲೋರೈಡ್ ಇದ್ದದ್ದಕ್ಕಿಂತ ಕಡಿಮೆ ಎಂದು ವರದಿಯಾಗುತ್ತದೆ.

ಕಾಲೇಜು ಪ್ರಯೋಗಾಲಯದಲ್ಲಿ ಇದೇ ಸೂತ್ರವನ್ನು ತಿರುಗಿಸಿ, ಕ್ಲೋರೈಡಿನಿಂದ ಲೋಹಗಳನ್ನು ಗುರುತಿಸುತ್ತಾರೆ. ಹಾಗೆ ಕ್ಲೋರೈಡಾಗಿ ಬೀಳುವ ಲೋಹಗಳು ಮೂರು: ಬೆಳ್ಳಿ, ಮರ್ಕ್ಯುರಸ್ ಪಾದರಸ, ಸೀಸ. ಫ್ರೆಸೇನಿಯಸ್‌ನ 1841ರ ಪುಸ್ತಕದಿಂದ ಗಟ್ಟಿಯಾದ ಗುಂಪು ವಿಶ್ಲೇಷಣೆಯಲ್ಲಿ ಇವುಗಳದ್ದೇ ಮೊದಲ ಗುಂಪು. ಮೂರೂ ಲೀಟರಿಗೆ 0.01 ಮೋಲ್ ಇರುವ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಹನಿಸಿದರೆ, ಪಾದರಸ 1.2 × 10⁻⁸ ಕ್ಲೋರೈಡಿಗೂ ಬೆಳ್ಳಿ 1.8 × 10⁻⁸ ಕ್ಲೋರೈಡಿಗೂ ಬೀಳತೊಡಗುತ್ತವೆ. ಅವೆರಡರ ಗುಣಲಬ್ಧಗಳ ನಡುವೆ ಹತ್ತು ಕೋಟಿ ಪಟ್ಟಿನಷ್ಟು ಅಂತರವಿದ್ದರೂ ಬೀಳುವುದು ಹೆಚ್ಚುಕಡಿಮೆ ಜೊತೆಯಾಗಿ. ಅವನ್ನು ಬೇರ್ಪಡಿಸಲು ಅಮೋನಿಯವೇ ಬೇಕು: ಬೆಳ್ಳಿ ಕರಗುತ್ತದೆ, ಪಾದರಸ ಕಪ್ಪಾಗುತ್ತದೆ.

ಸೀಸದ ಹಾದಿಯೇ ವಿಚಿತ್ರ, ಇಡೀ ಅಧ್ಯಾಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗವೂ ಇದೇ. ಅದರ ಕ್ಲೋರೈಡಿನ ಗುಣಲಬ್ಧ 1.7 × 10⁻⁵. ಮೇಲಿನ ದ್ರಾವಣದಲ್ಲಿ ಕ್ಲೋರೈಡ್ 0.041ಕ್ಕೆ ಏರುವವರೆಗೆ ಸೀಸ ಅಲುಗುವುದಿಲ್ಲ. ಆಗ ದ್ರಾವಣದಲ್ಲಿ ಬೆಳ್ಳಿ 4.4 × 10⁻⁹ ಮಾತ್ರ ಉಳಿದಿರುತ್ತದೆ. ಕಾಗದದ ಮೇಲೆ ಅಚ್ಚುಕಟ್ಟಾದ ಬೇರ್ಪಡೆ. ಆದರೆ ಅದೇ ಅಂಕಿಯಿಂದ ಶುದ್ಧ ನೀರಿನಲ್ಲಿ ಸೀಸದ ಕ್ಲೋರೈಡ್ ಎಷ್ಟು ಕರಗುತ್ತದೆಂದು ಲೆಕ್ಕ ಹಾಕಿದರೆ ಲೀಟರಿಗೆ 4.5 ಗ್ರಾಂ ಬರುತ್ತದೆ. ತೂಗಿ ನೋಡಿದರೆ ಸಿಗುವುದು ಸುಮಾರು 10 ಗ್ರಾಂ. ಅರ್ಧಕ್ಕಿಂತ ಹೆಚ್ಚು ಸೀಸ ಲೆಕ್ಕದಿಂದ ತಪ್ಪಿಸಿಕೊಂಡಿದೆ! ಕಾರಣ, ಸೀಸ ನೀರಿನಲ್ಲಿ ಒಂಟಿ ಅಯಾನಾಗಿ ಮಾತ್ರ ಇರುವುದಿಲ್ಲ. ಒಂದು ಕ್ಲೋರೈಡನ್ನು ಅಂಟಿಸಿಕೊಂಡೂ ತಿರುಗುತ್ತದೆ. ಅಯಾನುಗಳು ದಟ್ಟವಾದಾಗ ಒಂದನ್ನೊಂದು ಸೆಳೆದು ತಮ್ಮ ಪ್ರಭಾವವನ್ನು ತಗ್ಗಿಸಿಕೊಳ್ಳುತ್ತವೆ. ಸರಳ ಗುಣಲಬ್ಧಕ್ಕೆ ಇವೆರಡೂ ಗೊತ್ತಿಲ್ಲ. ಕುದಿಯುವ ನೀರಿನಲ್ಲಂತೂ ಲೀಟರಿಗೆ 33 ಗ್ರಾಂ ಕರಗಿ, ಸೋಸಿದ ದ್ರಾವಣ ತಣ್ಣಗಾದಂತೆ ಹೊಳೆಯುವ ಸೂಜಿ ಹರಳುಗಳಾಗಿ ಮರಳುತ್ತದೆ. ಆಮ್ಲ ಅತಿಯಾದರೆ ಬೆಳ್ಳಿಯೂ ಸೀಸವೂ ಸಂಕೀರ್ಣ ಅಯಾನುಗಳಾಗಿ ಮತ್ತೆ ಕರಗತೊಡಗುತ್ತವೆ. ಮೊದಲ ಗುಂಪಿನಲ್ಲಿ ಕಂಡ ಸೀಸ ಎರಡನೆಯ ಗುಂಪಿನಲ್ಲಿ ಸಲ್ಫೈಡಾಗಿ ಪುನಃ ಕಾಣಿಸಿಕೊಳ್ಳುವುದು, ಅದು ಹೀಗೆ ಪೂರ್ತಿ ಬೀಳದೆ ಒಂದಿಷ್ಟು ಕರಗಿಯೇ ಉಳಿಯುವ ಕಾರಣಕ್ಕೆ.

ಬರೀ ಗುಣಲಬ್ಧದ ಲೆಕ್ಕ ಸಾಲದೆಂಬ ಇದೇ ಪಾಠ ಕಾಲ ಕೆಳಗಿನ ಫರಸಿಯಲ್ಲೂ ಇದೆ. ಶಹಾಬಾದ್ ಕಲ್ಲಿನ ಕ್ಯಾಲ್ಸಿಯಂ ಕಾರ್ಬನೇಟಿನ ಗುಣಲಬ್ಧ 3.3 × 10⁻⁹. ಲೆಕ್ಕದ ಪ್ರಕಾರ ಅದು ಲೀಟರಿಗೆ 6 ಮಿ.ಗ್ರಾಂ ಕೂಡ ಕರಗಬಾರದು. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿದರೆ ಸುಮಾರು 50 ಮಿ.ಗ್ರಾಂ ಕರಗುತ್ತದೆ, ಮಣ್ಣಿನೊಳಗಿನ ಅನಿಲ ಸೇರಿದರೆ ಇನ್ನೂ ಹಲವು ಪಟ್ಟು. ಗಡಸು ನೀರು, ಹಂಡೆಯ ತಳದ ಬಿಳಿ ಪೊರೆ ಬರುವುದು ಹೀಗೆ. ಕಕ್ಕಸು ತೊಳೆಯುವ ಆಸಿಡ್ ಫರಸಿಯ ಮೇಲೆ ಚೆಲ್ಲಿದರೆ ಕಾರ್ಬನೇಟು ನೊರೆಯುಕ್ಕಿಸಿ ಕ್ಯಾಲ್ಸಿಯಂ ಕ್ಲೋರೈಡಾಗುತ್ತದೆ. ಲೀಟರಿಗೆ 700 ಗ್ರಾಂಗೂ ಹೆಚ್ಚು ಕರಗುವ ಆ ಲವಣ ನೀರಿನೊಂದಿಗೆ ಹರಿದುಹೋಗಿ ಹೊಳಪು ಶಾಶ್ವತವಾಗಿ ಅಳಿಯುತ್ತದೆ.

ಈ ಊರುಗಳ ಪಿಯು, ಪದವಿ ಕಾಲೇಜುಗಳ ಉಪನ್ಯಾಸಕರಲ್ಲಿ ಒಂದು ಮನವಿ. ಪ್ರಯೋಗ ಮುಗಿದ ಮೇಲೆ ಮಿಕ್ಕ ಸಿಲ್ವರ್ ದ್ರಾವಣಕ್ಕೆ ಅಡುಗೆ ಉಪ್ಪು ಹಾಕಿ ಬೆಳ್ಳಿಯನ್ನು ಸೋಸಿಟ್ಟುಕೊಳ್ಳಬಹುದು. ಸೀಸಕ್ಕೆ ಆ ಉಪಾಯ ನಡೆಯದು: ಲೀಟರಿಗೆ ಒಂದು ಮೋಲ್ ಉಪ್ಪು ಹಾಕಿದರೂ ಗುಣಲಬ್ಧದ ಲೆಕ್ಕದಲ್ಲೇ 3.5 ಮಿ.ಗ್ರಾಂ ಸೀಸ ಉಳಿಯುತ್ತದೆ, ಕುಡಿಯುವ ನೀರಿನ ಮಿತಿ 0.01 ಮಿ.ಗ್ರಾಂ. ನಿಜಕ್ಕೆ ಉಳಿಯುವುದು ಅದಕ್ಕಿಂತಲೂ ಹೆಚ್ಚು. ಬಿರುಕುಗಳ ಸುಣ್ಣಕಲ್ಲಿನಲ್ಲಿ ಚರಂಡಿಯ ನೀರು ಬೇಗ ಬಾವಿ ಸೇರುತ್ತದೆ. ಸೀಸ, ಪಾದರಸ, ಕ್ರೋಮೇಟುಗಳ ತ್ಯಾಜ್ಯವನ್ನು ಹೆಸರಿನ ಚೀಟಿ ಅಂಟಿಸಿದ ಬಾಟಲಿಗಳಲ್ಲಿ ಬೇರೆ ಬೇರೆಯಾಗಿ ಕೂಡಿಡಿ, ಸಿಂಕಿಗೆ ಸುರಿಯಬೇಡಿ.